ತೊಟ್ಟಿಲು ತೂಗುವ ದೆವ್ವಕ್ಕೊಂದು ಮನವಿ

ಸಿನಿಮಾದ ನಾಲ್ಕು ಭಾಗಗಳಲ್ಲಿ ನಾಲ್ಕು ಸಲ ಮುಕ್ತಿ ಪಡೆದು, ಐದನೆಯ ಭಾಗಕ್ಕೆ ಆಗಲೇ ಎದ್ದು ಕೂತಿರುವ ಮಾನ್ಯ ದೆವ್ವದವರೇ,

ತಮ್ಮ ಬಿಚ್ಚುಗೂದಲಿಗೂ ಬಿಳಿ ನಿಲುವಂಗಿಗೂ ನನ್ನ ನಮಸ್ಕಾರಗಳು. ತಾವು ಕುಶಲವೆಂದು ನಂಬಿದ್ದೇನೆ. ಸತ್ತವರನ್ನು ಹೀಗೆ ವಿಚಾರಿಸಬಹುದೋ ಇಲ್ಲವೋ ತಿಳಿಯದು. ನಿದ್ದೆಗೆಟ್ಟ ಕೈಗೂಸಿನ ತಾಯಿ ನಾನು, ತಪ್ಪಿದ್ದರೆ ಹೊಟ್ಟೆಗೆ ಹಾಕಿಕೊಳ್ಳಿ.

ಮೊದಲ ಭಾಗದಲ್ಲಿ ತಾವು ಮಾಡಿದ್ದಾದರೂ ಏನು? ಕಿಟಕಿಯ ಪರದೆಯ ಹಿಂದೆ ಸುಮ್ಮನೆ ನಿಂತಿದ್ದಿರಿ. ಅಷ್ಟಕ್ಕೇ ಕಾಲೇಜು ಹಾಸ್ಟೆಲಿನಲ್ಲಿದ್ದ ನಾನು ವಾರಗಟ್ಟಲೆ ಗೆಳತಿಯನ್ನು ಎಬ್ಬಿಸಿಕೊಂಡೇ ಬಚ್ಚಲಿಗೆ ಹೋದೆ. ಎರಡನೆಯದರಲ್ಲಿ ತಮಗೊಂದು ದುಃಖದ ಕಥೆ ಬಂತು, ಮೂರನೆಯದರಲ್ಲಿ ಒಬ್ಬ ತಂಗಿ ಬಂದಳು, ಈಗ ನಾಲ್ಕನೆಯದರಲ್ಲಿ ಅಕ್ಕತಂಗಿಯರಿಬ್ಬರೂ ಸೇರಿ ಪೊಲೀಸರಿಗಿಂತ ಮೊದಲೇ ಕೊಲೆಗಾರನನ್ನು ಪತ್ತೆಹಚ್ಚಿದಿರಿ. ಸತ್ತ ಮೇಲಾದರೂ ಒಂದು ಒಳ್ಳೆಯ ಉದ್ಯೋಗ ಸಿಕ್ಕಿತಲ್ಲ, ಸಂತೋಷ. ಆದರೆ ಹೆದರಿಸುವ ಕೆಲಸವನ್ನು ಯಾರಿಗೆ ವಹಿಸಿದಿರಿ?

ಯಾಕೆಂದರೆ ನಾನು ಬಂದದ್ದು ಹೆದರಲಿಕ್ಕೇ. ಮಗಳು ಕೆಮ್ಮಿದರೆ ನನಗೆ ಹೆದರಿಕೆ, ಕೆಮ್ಮದೆ ಮಲಗಿದರೆ ಇನ್ನೂ ಹೆದರಿಕೆ. ಉಸಿರಿದೆಯೋ ಎಂದು ಮೂಗಿನ ಬಳಿ ಬೆರಳಿಟ್ಟು, ಆ ಬೆರಳಿಗೇ ಅವಳು ಎಚ್ಚೆತ್ತು, ಆಮೇಲೆ ಇಡೀ ಮನೆಗೆ ಜಾಗರಣೆ. ಇಂಥ ಕೊನೆಮೊದಲಿಲ್ಲದ ಭಯವನ್ನು ಒಂದು ಮಧ್ಯಾಹ್ನ ಬದಿಗಿಟ್ಟು, ಲೈಟು ಹತ್ತಿದೊಡನೆ ಮುಗಿದುಹೋಗುವ ಸುಲಭದ ಭಯವೊಂದು ಸಿಗಲಿ ಎಂಬ ಆಸೆಯಿಂದ, ಮಗುವನ್ನು ನನ್ನ ಅಮ್ಮನಿಗೆ ಒಪ್ಪಿಸಿ, ನಮ್ಮವರೊಂದಿಗೆ ಮ್ಯಾಟಿನಿಗೆ ಬಂದೆ.

ತಾವು ಕಣ್ಣಿಗೆ ಕಾಣದೆ ತೊಟ್ಟಿಲು ತೂಗುವ ದೃಶ್ಯಕ್ಕೆ ಇಡೀ ಚಿತ್ರಮಂದಿರ ಚೀರಿತು. ನಾನು ಮಾತ್ರ ಮುಂದೆ ಬಾಗಿ ನೋಡಿದೆ. ಎಂಥ ಹದ! ಜೋರೂ ಅಲ್ಲ, ನಿಧಾನವೂ ಅಲ್ಲ. ನಮ್ಮವರು “ಹೆದರ್ಕೋಬೇಡ್ವೇ, ನಾನಿದೀನಿ” ಅಂತ ಕೈ ಹಿಡಿದರೆ, ನಾನು “ರೀ, ಇಂಥವರು ಸಂಬಳಕ್ಕೆ ಬರ್ತಾರಾ?” ಅಂತ ಕೇಳಿದೆ. ಅತ್ತ ತೆರೆಯ ಮೇಲೆ, ಪಕ್ಕದ ಕೋಣೆಯಲ್ಲಿ ಆ ಮಗುವಿನ ತಾಯಿ, ಬಾಗಿಲು ಬಡಿದುಕೊಂಡರೂ ಪಾತ್ರೆಗಳು ಉರುಳಿದರೂ ಹಾಯಾಗಿ ನಿದ್ರಿಸಿ, ಕಣ್ಣಿನ ಕಾಡಿಗೆ ಅಳಿಸದಂತೆ ಬೆಳಿಗ್ಗೆ ಏಳುತ್ತಾಳೆ. ಮಾನ್ಯರೇ, ತಮ್ಮನ್ನು ಬೇಕಾದರೆ ನಂಬುತ್ತೇನೆ, ಆ ತಾಯಿಯನ್ನು ನಂಬಲಾರೆ.

ಒಂದು ಸಲವೂ ಬೆಚ್ಚದೆ ಮನೆಗೆ ಮರಳಿ, ಕಿಟಕಿ ಮುಚ್ಚಿದ್ದ ಕೋಣೆಗೆ ಕಾಲಿಟ್ಟರೆ, ತೊಟ್ಟಿಲು ತಾನೇ ತಾನಾಗಿ ತೂಗುತ್ತಿದೆ! ಅದೇ ಹದ. ಹತ್ತಿರ ನರಪಿಳ್ಳೆಯಿಲ್ಲ. ತಮ್ಮ ನಾಲ್ಕು ಭಾಗಗಳ ಬಾಕಿಯನ್ನೆಲ್ಲ ಸೇರಿಸಿ ಒಮ್ಮೆಗೇ ಕಿರುಚಿದೆ. ಮೂಲೆಯ ಸೋಫಾದ ಮೇಲೆ ತಲೆತನಕ ಹೊದ್ದು ಮಲಗಿದ್ದ ಅಮ್ಮ ಧಡಕ್ಕನೆ ಎದ್ದಳು. ತೊಟ್ಟಿಲ ಹಗ್ಗ ಅವಳ ಕಾಲಿನ ಹೆಬ್ಬೆರಳಿಗೆ ಕಟ್ಟಿತ್ತು. ನಿದ್ದೆಯಲ್ಲೇ ಕಾಲಾಡಿಸಿ ಮೊಮ್ಮಗಳನ್ನು ತೂಗುತ್ತಿದ್ದವಳು, “ದೆವ್ವ ನೋಡ್ಕೊಂಡ್ ಬಂದು ಹೆತ್ತ ತಾಯಿನ ನೋಡಿ ಕಿರುಚ್ತೀಯಲ್ಲೇ! ಹೋಗು, ನಿನ್ನ ಮಗಳನ್ನ ಇನ್ಮೇಲೆ ನೀನೇ ತೂಗ್ಕೋ, ನನ್ನ ಬೆರಳು ನನಗೆ ಬೇಕು” ಅಂತ ಹಗ್ಗ ಬಿಚ್ಚಿಟ್ಟಳು. ಎಚ್ಚೆತ್ತ ಮಗಳು ಅಂದಿನಿಂದ ನೆಟ್ಟಗೆ ಮಲಗಿಲ್ಲ. ನಾನೂ.

ಆದ್ದರಿಂದ ತೆರವಾದ ಆ ಸ್ಥಾನಕ್ಕೆ ತಾವೇ ದಯಮಾಡಿಸಬೇಕೆಂದು ವಿನಂತಿ. ತಮಗೆ ನಿದ್ದೆಯ ಗೊಡವೆಯಿಲ್ಲ, ನಮ್ಮ ಬಾಗಿಲು ಕಿರುಗುಟ್ಟುವುದರಿಂದ ಗೋಡೆಯ ಮೂಲಕವೇ ಬಂದರೆ ಉಪಕಾರ. ಜೊತೆಗೆ ಬರುವ ಆ ಢಂ ಎನ್ನುವ ಸಂಗೀತವನ್ನು ಮಾತ್ರ ಬೀದಿಯಲ್ಲೇ ಬಿಟ್ಟು ಬನ್ನಿ. ನಡುನಡುವೆ ಮಗುವಿನ ಉಸಿರನ್ನೂ ನೋಡಿಬಿಟ್ಟರೆ, ನಾನು ಆ ಸಿನಿಮಾದ ತಾಯಿಯಂತೆ ಒಂದೇ ಒಂದು ರಾತ್ರಿ ಮಲಗಿ, ನನ್ನ ಟೀಕೆಗಳನ್ನೆಲ್ಲ ಹಿಂತೆಗೆದುಕೊಳ್ಳುತ್ತೇನೆ.

ತಮಗೆ ಹೆದರದೆಯೂ ತಮ್ಮ ವಿಶ್ವಾಸಿಯಾಗಿಯೇ ಉಳಿದಿರುವ,
ಇನ್ನೂ ಎಚ್ಚರವಾಗಿರುವ ಒಬ್ಬ ತಾಯಿ

ತಾ.ಕ.: ಬರುವಾಗ ದಯವಿಟ್ಟು ಕೂದಲನ್ನು ಬಿಗಿಯಾಗಿ ಕಟ್ಟಿಕೊಂಡು ಬನ್ನಿ. ನಮ್ಮ ಮಗಳ ಮುಷ್ಟಿಗೆ ಸಿಕ್ಕ ಕೂದಲು ಸತ್ತವರಿಗೂ ವಾಪಸ್ಸು ಸಿಗುವುದಿಲ್ಲ. ಬೋಳು ತಲೆಯಲ್ಲಿ ತಾವು ಐದನೆಯ ಭಾಗಕ್ಕೆ ಹೋದರೆ, ಈಗ ಹೆದರುವ ನಾಲ್ಕು ಜನರೂ ಹೆದರಲಿಕ್ಕಿಲ್ಲ.