ಒಬ್ಬರು ಇನ್ನೂ ಒಳಗಿದ್ದಾರೆ

ಪರದೆಯ ಮೇಲೆ ‘ಬಳಕೆದಾರರು: 1’ ಅಂತಿತ್ತು. ಅವತ್ತು ಫೈಲಣ್ಣ ಪಟ್ಟ ಪಾಡಿಗೆಲ್ಲ ಆ ಒಂದೇ ಕಾರಣ.

ನೀರು ಸರಬರಾಜು ಕಚೇರಿಯ ಪೈಪಿನ ನಕ್ಷೆ, ಪತ್ರ, ರಜೆಚೀಟಿ ಎಲ್ಲವನ್ನೂ ಹೊಟ್ಟೆಯೊಳಗಿಟ್ಟುಕೊಂಡು ಕೇಳಿದವರ ಮೇಜಿಗೆ ಹಂಚುತ್ತಿದ್ದ ಸರ್ವರು ಅವನ ಕೋಣೆಯಲ್ಲಿತ್ತು. ಒಂದು ಕಾಲಕ್ಕೆ ಅದರ ದರ್ಬಾರೇನು! ನೂರಿಪ್ಪತ್ತು ಜನ ಅದಕ್ಕೇ ಜೋತುಬಿದ್ದಿದ್ದರು. “ಫೈಲಣ್ಣಾ, ನನ್ನ ನಕ್ಷೆ ಮಾಯವಾಗಿದೆ, ಸ್ವಲ್ಪ ನೋಡಪ್ಪಾ” ಅಂತ ದೊಡ್ಡ ಎಂಜಿನಿಯರುಗಳೂ ಬಾಗಿಲಲ್ಲಿ ನಿಲ್ಲುತ್ತಿದ್ದರು. ಹನ್ನೊಂದು ವರ್ಷದಿಂದ ಅದನ್ನು ಒಮ್ಮೆಯೂ ಆರಿಸಿರಲಿಲ್ಲ. ಈ ನಡುವೆ ಇಂಟರ್‌ನೆಟ್ಟಲ್ಲೇ ಫೈಲಿಡುವ ಹೊಸ ವ್ಯವಸ್ಥೆ ಬಂತು, ಫೈಲುಗಳೆಲ್ಲ ಗಂಟುಮೂಟೆ ಕಟ್ಟಿಕೊಂಡು ಅಲ್ಲಿಗೆ ಹೋದವು. ನೂರಿಪ್ಪತ್ತು ಅರವತ್ತಾಯಿತು, ಹತ್ತಾಯಿತು. ಎರಡು ವರ್ಷದಿಂದ ಒಂದಕ್ಕೆ ಬಂದು ನಿಂತಿತ್ತು.

“ಯಾರ್ರೀ ಆ ಒಬ್ಬರು?” ಅಂದರು ಮ್ಯಾನೇಜರು. ಎಲ್ಲರಿಗೂ ಒಂದೇ ಲಾಗಿನ್ನು, ಫೈಲಣ್ಣನಿಗೇನು ಗೊತ್ತು? “ಇದು ನಿಜವಾಗಿ ಬೇಕಾದೋರು ಒಬ್ಬರಿದ್ರೂ ಹೇಳಿ, ಇಟ್ಕೊಳ್ಳೋಣ. ಇಲ್ದಿದ್ರೆ ಐದು ಗಂಟೆಗೆ ಆಫ್ ಮಾಡಿ. ನಾಳೆಯಿಂದ ಗೇಟಲ್ಲಿ ಕೂತು ಬಂದುಹೋಗೋರ ಹೆಸರು ಬರ್ಕೊಳ್ಳಿ.”

ಟೈಪಿಸ್ಟಮ್ಮ ಕರೆಯದಿದ್ದರೂ ಬಂದಳು. “ಅಷ್ಟಕ್ಕೆ ತಲೆ ಕೆಡಿಸ್ಕೋತೀರಾ? ನೀವು ಒಂದೊಂದೇ ಮೇಜಿನ ತಂತಿ ಕೀಳ್ತಾ ಬನ್ನಿ. ನಾನಿಲ್ಲಿ ಪರದೆ ನೋಡ್ತೀನಿ. ಯಾರದು ಕಿತ್ತಾಗ ಸೊನ್ನೆ ಆಗುತ್ತೋ ಅವರೇ ಆ ಒಬ್ಬರು.”

ಫೈಲಣ್ಣ ನಕ್ಷೆಗಾರನ ತಂತಿ ಕಿತ್ತ. “ಒಂದೇ ಇದೆ!” ಅಂತ ಕೋಣೆಯಿಂದ ಕೂಗು ಬಂತು. ಇತ್ತ ನಕ್ಷೆಗಾರನ ಅರ್ಧ ದಿನದ ಕೆಲಸ ನೀರುಪಾಲಾಗಿ, ಅವನು ಸ್ಕೇಲು ಹಿಡಿದು ಅಟ್ಟಿಸಿಕೊಂಡು ಬಂದ. ತಪ್ಪಿಸಿಕೊಂಡ ಫೈಲಣ್ಣ ಟಪಾಲು ವಿಭಾಗಕ್ಕೆ ನುಗ್ಗಿ, ಮೇಜಿನಡಿ ತೂರಿ, ಕೈಗೆ ಸಿಕ್ಕ ತಂತಿ ಎಳೆದ.

“ಸೊನ್ನೆ ಆಯ್ತು!”

ಫೈಲಣ್ಣ ತಲೆಯೆತ್ತಿದ. ಮೇಜಿನ ಮುಂದೆ, ಟಪಾಲು ವಿಭಾಗದಲ್ಲೇ ಗುಮಾಸ್ತೆಯಾಗಿದ್ದ ಅವನ ಹೆಂಡತಿ ಕೂತಿದ್ದಳು. ಆ ಹೊಸ ವ್ಯವಸ್ಥೆಯನ್ನು ಎಲ್ಲರಿಗಿಂತ ಮೊದಲು ಕಲಿತವಳು ಅವಳೇ! ತಂತಿ ಮತ್ತೆ ಸಿಕ್ಕಿಸಿ ನೋಡಿದರೆ, ಹಳೇ ಸರ್ವರಿನಲ್ಲಿ ತೆರೆದಿದ್ದದ್ದು ಒಂದು ಖಾಲಿ ಫೈಲು.

“ಇದೇನೇ ಇದು?”

“ದಿನಾ ಬಂದ ತಕ್ಷಣ ತೆಗೆದಿಡ್ತೀನಿ ಕಣ್ರೀ,” ಅಂದಳು ಅವಳು ಕಣ್ಣು ತಪ್ಪಿಸಿ. “ಸೊನ್ನೆ ಕಂಡರೆ ನಿಮ್ಮ ಮುಖ ಹೇಗಾಗುತ್ತೆ ಅಂತ ನಂಗೊತ್ತಿಲ್ವಾ?”

ಎರಡು ವರ್ಷ ಇವಳು ಬಾಯಿಬಿಟ್ಟಿರಲಿಲ್ಲ! ಈಗ ಇವಳ ಹೆಸರು ಹೇಳಿದರೆ, ಖಾಲಿ ಫೈಲಿಗೆ ಇವಳೇ ಬೈಸಿಕೊಳ್ಳಬೇಕು. ಗೇಟಾದರೆ ಗೇಟು, ಅಂತ ಫೈಲಣ್ಣ ಕೋಣೆಗೆ ನಡೆದ. ಟೈಪಿಸ್ಟಮ್ಮನನ್ನು ಸಾಗಹಾಕಿ, ಬೆಚ್ಚಗಿದ್ದ ಸರ್ವರಿನ ಬೆನ್ನು ಸವರಿ, ಸ್ವಿಚ್ಚು ಒತ್ತಿದ. ಹನ್ನೊಂದು ವರ್ಷದ ಗುಂಯ್‌ಗುಟ್ಟುವಿಕೆ ನಿಂತಿತು. ಅವನು ಅಲ್ಲೇ ಕೂತು ಸ್ವಲ್ಪ ಹೊತ್ತು ಅತ್ತ.

ಕಣ್ಣು ಒರೆಸಿಕೊಳ್ಳುವಷ್ಟರಲ್ಲಿ ಹೆಂಡತಿ ಏದುಸಿರು ಬಿಡುತ್ತಾ ಬಂದಳು. ಹಿಂದೆಯೇ ಕೈಯಲ್ಲೊಂದು ಕಾಗದ ಹಿಡಿದ ಮ್ಯಾನೇಜರು.

“ಎಲ್ಲಾ ಹೇಳ್ಬಿಟ್ಟೆ ಕಣ್ರೀ!”

“ನಿಜವಾಗಿ ಬೇಕಾದೋರು ಒಬ್ಬರು ಸಿಕ್ಕರಲ್ಲ, ಸಾಕು,” ಅಂದರು ಮ್ಯಾನೇಜರು. “ಇನ್ನೊಂದು ವರ್ಷ ಇರಲಿ ಅಂತ ಸಹಿ ಹಾಕಿದೀನಿ.”

ಫೈಲಣ್ಣ ದಡಬಡಿಸಿ ಸ್ವಿಚ್ಚು ಹಾಕಿದ. ಸರ್ವರು ‘ಟಕ್’ ಅಂತು, ಇನ್ನೊಮ್ಮೆ ‘ಟಕ್’ ಅಂತು, ಸುಮ್ಮನಾಯಿತು. ಅಷ್ಟು ವರ್ಷ ಬಿಡದೆ ತಿರುಗಿದ ಡಿಸ್ಕು ಒಮ್ಮೆ ತಣ್ಣಗಾಗಿದ್ದೇ ಕಚ್ಚಿಕೊಂಡುಬಿಟ್ಟಿತ್ತು, ಇನ್ನು ತಿರುಗುವಂತಿರಲಿಲ್ಲ.

“ಐದು ಗಂಟೆ ಅಂದಿದ್ದೆನಲ್ರೀ! ಇನ್ನೂ ನಾಲ್ಕೂವರೆ!” ಮ್ಯಾನೇಜರು ಹಣೆ ಚಚ್ಚಿಕೊಂಡರು. “ಇವತ್ತು ಬಿಟ್ಟು ಯಾವತ್ತಾದ್ರೂ ಹೊತ್ತಿಗೆ ಮುಂಚೆ ಒಂದು ಕೆಲಸ ಮಾಡಿದೀರಾ ನೀವು?”

“ನನ್ನನ್ನೊಂದು ಮಾತು ಕೇಳಬಾರದಿತ್ತಾ?” ಅಂದಳು ಹೆಂಡತಿ.

“ನಿಂಗೆ ಬೈತಾರೆ ಅಂತ ಹೆದರಿದೆ ಕಣೇ.”

ಮ್ಯಾನೇಜರು ಎದುರಿಗಿದ್ದಾರೆ ಅನ್ನುವುದನ್ನೂ ಮರೆತು ಅವಳು ಅವನ ಕೈ ಹಿಡಿದುಕೊಂಡಳು. ಮ್ಯಾನೇಜರು ಕಾಗದವನ್ನು ನಾಲ್ಕು ಮಡಿಕೆ ಮಾಡಿ ಜೇಬಿಗಿಟ್ಟುಕೊಂಡು, ಬಾಗಿಲ ಹತ್ತಿರ ಹೋಗಿ ತಿರುಗಿದರು.

“ಗೇಟಲ್ಲಿ ಬಿಸಿಲು ಜಾಸ್ತಿ. ನಾಳೆ ಒಂದು ಟೋಪಿ ತನ್ನಿ.”