ಬಾತ ಕಾಲಿನ ರಾಜನ ಹೆಸರು

ಜಮಖಂಡಿಯಲ್ಲಿ ಇಂಗ್ಲಿಷ್ ಪಾಠ ಹೇಳುವವನಿಗೆ ನಗುವಿನ ಬರಗಾಲ ಎಂದೂ ಬರುವುದಿಲ್ಲ. ನಾವು ಹೇಳುವುದು ಒಂದು, ಅದು ಊರು ಮುಟ್ಟುವ ಹೊತ್ತಿಗೆ ಇನ್ನೊಂದು. ಹಳೆಯ ಗ್ರೀಕ್ ರಾಜನೊಬ್ಬನ ಹೆಸರು ಹೇಳಿಕೊಟ್ಟು ನಾನು ಪಟ್ಟ ಪಾಡು ಅಷ್ಟಿಷ್ಟಲ್ಲ. ಆದರೂ ಆ ಪುಣ್ಯಾತ್ಮನಿಗೆ ನಾನು ಋಣಿ. ಅವನಿಂದ ಸಿಕ್ಕಷ್ಟು ಪ್ರೀತಿ ಇನ್ಯಾವ ಪಾಠದಿಂದಲೂ ಸಿಕ್ಕಿಲ್ಲ.

ಬೆಡಗು

ಬಿ.ಎ. ತರಗತಿಯಲ್ಲಿ ಈಡಿಪಸ್ ರಾಜನ ಕಥೆ ಹೇಳುತ್ತಿದ್ದೆ. ಯಾರಿಗೂ ಬಿಡಿಸಲಾಗದ ಒಗಟು ಬಿಡಿಸಿ ಊರು ಉಳಿಸಿದ, ಜನ ಅವನನ್ನೇ ರಾಜನನ್ನಾಗಿ ಮಾಡಿದರು ಎಂಬಲ್ಲಿಗೆ ಬಂದಾಗ ಹಿಂದಿನ ಬೆಂಚಿನವನೊಬ್ಬ ಎದ್ದ. "ಬೀಳಗಿ ಬಸ್ ತಪ್ಪತೈತ್ರಿ ಸರ್" ಎಂದು ಚೀಲ ಹೆಗಲಿಗೇರಿಸಿ ನಡೆದ. ಅರ್ಧಕ್ಕೆ ಎದ್ದು ಹೋಗುವುದು ಅವನ ದಿನದ ರೂಢಿ.

ಉಳಿದವರಿಗೆ ಉಳಿದ ಕಥೆ ಹೇಳಿದೆ. ಈ ಮಗ ಅಪ್ಪನನ್ನು ಕೊಲ್ಲುತ್ತಾನೆಂಬ ಭವಿಷ್ಯ ಕೇಳಿ, ಹೆತ್ತವರೇ ಕೂಸಿನ ಕಾಲು ಬಿಗಿದು ಗುಡ್ಡದಲ್ಲಿ ಬಿಡಿಸಿದ್ದರು. ಕಾಲು ಬಾತಿದ್ದರಿಂದ, ಅಲ್ಲಿಂದ ಎತ್ತಿ ಸಾಕಿದವರು ಈಡಿಪಸ್ ಎಂದರು. ಬಾತ ಕಾಲಿನವ ಎಂದೇ ಆ ಹೆಸರಿನ ಅರ್ಥ. ಮುಂದೆ ಗುರುತಿಲ್ಲದೆ ಅಪ್ಪನನ್ನೇ ಕೊಂದ, ಅವ್ವನನ್ನೇ ಮದುವೆಯಾದ.

ಮುಂದಿನ ಬೆಂಚಿನ ಹುಡುಗಿಗೆ ತಡೆಯಲಾಗಲಿಲ್ಲ.

"ಮದಿವಿಗಿ ಮೊದಲ ಕುಲದ ಬೆಡಗು, ಮನಿತನ ಕೇಳಲಿಲ್ಲೇನ್ರಿ ಸರ್? ಒಬ್ರು ಹಿರ್ಯಾರು 'ಯಾರ ಪೈಕಿಪಾ ನೀ?' ಅಂದಿದ್ರ ಅಲ್ಲೇ ಮುಗೀತಿತ್ತು!"

ಅಲ್ಲಿಯವರೆಗೆ ನಾನು ವಿಧಿ, ವಿಧಿ ಎಂದು ಪಾಠ ಮಾಡಿದ್ದೆ.

ಕಾಲು

ಮುಂದೊಂದು ದಿನ ಬನಹಟ್ಟಿಯಲ್ಲಿ ಬಸ್ಸಿಳಿಯುವಾಗ ಜಾರಿ ನನ್ನ ಕಾಲೇ ಬಾತುಕೊಂಡಿತು. ಹುಡುಗರು ಬಾಳೆಹಣ್ಣು ಹಿಡಿದು ಮನೆಗೆ ಬಂದರು. ಅದೇ ಹುಡುಗಿ ಕಾಲು ನೋಡಿದವಳೇ ಗಾಬರಿಯಿಂದ ಕೇಳಿದಳು: "ಸರ್, ನಿಮ್ಮ ತಂದಿಯವರು ಆರಾಮ ಅದಾರಲ್ರಿ?"

ಮೂಲೆಯಲ್ಲಿ ಚಹಾ ಕುಡಿಯುತ್ತಿದ್ದ ನಮ್ಮಪ್ಪನಿಗೆ ಕಣ್ಣು ತುಂಬಿ ಬಂತು. "ಕಾಲು ನಿಂದು ಬಾತೈತಿ, ಕಾಳಜಿ ನಂದು ಮಾಡತಾವ. ಎಂಥಾ ಹುಡುಗರಪಾ!"

ಗುಣವಾಗುವ ತನಕ ಆ ಹುಡುಗರೇ ಪಾಳಿ ಹಚ್ಚಿ ನನ್ನನ್ನು ಬೈಕಿನ ಮೇಲೆ ಕಾಲೇಜಿಗೆ ಒಯ್ದರು. ದಾರಿಯುದ್ದಕ್ಕೂ ಅಪ್ಪನ ಆರೋಗ್ಯ ವಿಚಾರಿಸುತ್ತಲೇ ಇದ್ದರು.

ತೊಟ್ಟಿಲು

ಕೆಲವು ವರ್ಷಗಳ ಮೇಲೆ ಬೀಳಗಿ ಬಸ್ಸಿಗೆಂದು ಎದ್ದು ಹೋಗುತ್ತಿದ್ದ ಆ ಹುಡುಗ ತನ್ನ ಮಗನಿಗೆ ಹೆಸರಿಡುವ ಕಾರ್ಯಕ್ಕೆ ಕರೆದ. ಬೇಯಿಸಿದ ಕಾಳಿನ ಗುಗ್ಗರಿ ಕೈಗಿಟ್ಟು, "ಸರ್, ನೀವು ಕಲಿಸಿದ ಹೆಸರ ಇಡಾಕತ್ತೇನಿ. ಒಗಟ ಬಿಡಿಸಿದ ಜಾಣ ರಾಜಾ, ಈಡಿಪಸ್!" ಎಂದು ಕಾಲಿಗೆ ಬಿದ್ದ.

ಗುಗ್ಗರಿ ಕೆಳಗಿಟ್ಟೆ. ಕೂಸು ಆಯುಷ್ಯವಿಡೀ ಆ ಹೆಸರು ಹೊರಬೇಕಲ್ಲ! ಆದರೆ ತೊಟ್ಟಿಲ ಸುತ್ತ ಹೆಣ್ಣುಮಕ್ಕಳು, ಪಕ್ಕದಲ್ಲೇ ಕೂಸಿನ ತಾಯಿ. ಆ ಕಥೆಯನ್ನು ಯಾವ ಬಾಯಿಂದ ಹೇಳಲಿ? ಅರ್ಥವಷ್ಟನ್ನೇ ಹೇಳಿದರೆ ಸಾಕೆಂದು ಕೂಸಿನ ಅಜ್ಜಿಯ ಕಡೆ ತಿರುಗಿದೆ.

"ಅವ್ವಾರ, ಅದರ ಅರ್ಥ ಬಾತ ಕಾಲು ಅಂತ ಐತ್ರಿ. ಬ್ಯಾಡ."

ಅಜ್ಜಿಯ ಮುಖ ಅರಳಿತು. "ಹಂಗಾರ ದೃಷ್ಟಿ ತಾಕೂದಿಲ್ಲ ಬಿಡ್ರಿ! ನಮ್ಮ ಹಿರೀ ಮಗನ್ನ ತಿಪ್ಯಾಗ ಉರುಳಿಸಿ ತಿಪ್ಪಣ್ಣ ಅಂತ ಇಟ್ಟೇವಿ, ಕಲ್ಲಿನಂಗ ಅದಾನ." ಆಮೇಲೆ ಸೊಸೆಯ ಕಡೆ ಓರೆಗಣ್ಣು ಹಾಯಿಸಿ ಕೇಳಿದಳು: "ಆ ರಾಜನ ಮನ್ಯಾಗ ಅತ್ತಿ-ಸೊಸಿ ಹೆಂಗಿದ್ರು?"

ಸುಳ್ಳು ಬರಲಿಲ್ಲ, ಅಲ್ಲಿ ಇಬ್ಬರೂ ಒಬ್ಬಳೇ ಎಂಬ ಖರೆ ಹೇಳುವಂತಿರಲಿಲ್ಲ. "ಒಂದ ದಿನಾನೂ ಜಗಳ ಆಗಲಿಲ್ರಿ" ಎಂದೆ.

"ಅದ ಹೆಸರು ಇಡ್ರಿ!"

ಕೂಸಿನ ಅಪ್ಪನನ್ನು ಹೊರಗೆಳೆದು, ಅವನು ಬಸ್ಸಿಗೆ ಹೋದ ಮೇಲಿನ ಕಥೆಯನ್ನು ಕಿವಿಯಲ್ಲಿ ಹೇಳಿದೆ. ಅವನು "ಅಕ್ಕಾ, ತಡಿಬೇ!" ಎನ್ನುತ್ತ ಒಳಗೋಡಿದ. ಆಗಲೇ ಅವನಕ್ಕ, ಕೂಸಿನ ಸೋದರತ್ತೆ, ತೊಟ್ಟಿಲಿಗೆ ಬಾಗಿ ಕಿವಿಯಲ್ಲಿ ಹೆಸರು ಹೇಳುತ್ತಿದ್ದಳು. ಪದ್ಧತಿಯಂತೆ ಹೆಂಗಸರು ಅವಳ ಬೆನ್ನಿಗೆ ಧಬಧಬ ಗುದ್ದುತ್ತಿದ್ದರು.

"ಏನಂದಿಬೇ ಕಿವ್ಯಾಗ?"

"ಎಲ್ಲೀ ರಾಜನ ಹೆಸರ ತಂದೀಯೋ, ನಾಲಿಗಿ ಹೊಳ್ಳಲಿಲ್ಲ! ಗುದ್ದು ಬಿದ್ದ ಹೊಡತಕ್ಕ ಬಾಯಾಗ 'ಯಪ್ಪಾ ಶಿವನೇ' ಅಂತ ಬಂತು" ಎಂದು ಬೆನ್ನು ತಿಕ್ಕಿಕೊಂಡಳು.

ಕಿವಿಗೆ ಬಿದ್ದದ್ದೇ ಹೆಸರು, ಕೂಸು ಶಿವಪ್ಪನಾಯಿತು. ಆ ಗುದ್ದಿದ ಕೈಗಳಿಗೆ ನಾನು ಮನಸ್ಸಿನಲ್ಲೇ ಕೈ ಮುಗಿದೆ, ಈಗಲೂ ಮುಗಿಯುತ್ತೇನೆ.

ಅಜ್ಜಿಗೆ ಮಾತ್ರ ಇನ್ನೂ ಸಮಾಧಾನವಿಲ್ಲ. ಸೊಸೆಯ ಜೊತೆ ಜಗಳವಾದಾಗಲೆಲ್ಲ ಮಗನನ್ನು ಬೈಯುತ್ತಾಳಂತೆ: "ಆ ಹೆಸರು ಇಟ್ಟಿದ್ರ ನಮ್ಮ ಮನೀನೂ ಆ ರಾಜನ ಮನಿಹಂಗ ಇರತಿತ್ತಲ್ಲೋ!"