ನೀರುಗಂಟಿಯ ದನಿಯಲ್ಲಿ ಮೀನು ಬೇಟೆ

ಇಲ್ಲದ ನೀರು ಬರುತ್ತಿದೆಯೆಂದು ಸುಳ್ಳು ಸಾರಿ, ಇಡೀ ಊರನ್ನು ಗುದ್ದಲಿ ಸಮೇತ ನಾಲೆ ಏರಿಗೆ ಕರೆಸಿದ ಮಹಾನುಭಾವ ನಾನೇ. ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ನಮ್ಮಪ್ಪನ ಬಾಯಲ್ಲಿ ಕೇಳಿದರೆ ಕಥೆ ಕಡಿಮೆ, ಬೈಗುಳ ಜಾಸ್ತಿ!

ನಮ್ಮೂರು ಕೊತ್ತತ್ತಿ ಪಕ್ಕ. ಮಳವಳ್ಳಿಗೆ ಕೊಟ್ಟಿದ್ದ ಅಕ್ಕ ಬಸುರಿಯಾಗಿ ಮನೆಗೆ ಬಂದಿದ್ದಳು. ಬಂದವಳಿಗೆ ಒಂದೇ ಬಯಕೆ, ಮೀನು ಸಾರು. ಮಂಡ್ಯದಿಂದ ಮೀನು ತಂದರೆ ಮೂಗು ಮುಚ್ಚಿಕೊಂಡಳು.

“ಐಸಲ್ಲಿ ಮನಗಿದ್ದ ಮೀನು ಬ್ಯಾಡ ಕಣ್ಲಾ. ನಾಲೇಲಿ ಒದ್ದಾಡೋದ್ ತತ್ತಾ.”

“ನಾನಿಲ್ವೇನಕ್ಕ! ಮಸಾಲೆ ರುಬ್ಬುಸು, ಒಂದ್ ಮಂಕ್ರಿ ತತ್ತೀನಿ.”

ಮೀನು ಹಿಡಿಯುವುದೇನು ಬ್ರಹ್ಮವಿದ್ಯೆಯೇ? ಮನುಷ್ಯ ನೇಗಿಲು ಹಿಡಿಯುವ ಎಷ್ಟೋ ಕಾಲ ಮೊದಲೇ ಮೀನು ಹಿಡಿದವನು. ಮೊದಲು ಬರಿಗೈ, ಆಮೇಲೆ ಈಟಿ, ಗಾಳ, ಬಲೆ. ಯಾಕೆ ಹಿಡಿದ? ಹೊಟ್ಟೆಗೆ. ಹೊಟ್ಟೆ ತುಂಬಿದ ಮೇಲೂ ಯಾಕೆ ಹಿಡಿಯುತ್ತಾನೆ? ತಪ್ಪಿಸಿಕೊಂಡ ಮೀನಿನ ಉದ್ದವನ್ನು ಕೈ ಅಗಲಿಸಿ ತೋರಿಸಲಿಕ್ಕೆ! ಈ ಇತಿಹಾಸವನ್ನು ಅಕ್ಕನಿಗೆ ನಮ್ಮ ಕಾಲೇಜು ಮೇಷ್ಟ್ರ ದನಿಯಲ್ಲೇ ಬೋಧಿಸಿದೆ. ಕಂಡವರ ದನಿ ತೆಗೆಯುವುದು ನನ್ನ ಹುಟ್ಟುರೋಗ. ಅಕ್ಕ ಆಕಳಿಸಿದಳು.

ನಾಲೆಯಲ್ಲಿ ನೀರು ನಿಲ್ಲಿಸಿದಾಗ ಸೇತುವೆ ಕೆಳಗಿನ ಗುಂಡಿಯಲ್ಲಿ ಮೀನು ಸಿಕ್ಕಿಕೊಳ್ಳುತ್ತವೆ. ಆಗ ಊರಿಗೆ ಊರೇ ಇಳಿದು ಬಾಚಿಕೊಳ್ಳುವುದು ವಾಡಿಕೆ. ನೀರು ನಿಂತಿದ್ದ ಆ ದಿನವೂ ಎಲ್ಲರೂ ಮಧ್ಯಾಹ್ನ ಉಂಡು ಇಳಿಯುವುದೆಂದು ಮಾತಾಗಿತ್ತು. ಅಷ್ಟು ಜನರ ಮಧ್ಯೆ ನನ್ನ ಪಾಲಿಗೆ ಒಂದು ಬಾಲ ಸಿಕ್ಕರೆ ಪುಣ್ಯ. ಅಕ್ಕನಿಗೆ ಕೊಟ್ಟ ಮಾತು?

ಗದ್ದೆಗಳಿಗೆ ನಾಲೆ ನೀರು ಹಂಚುವ ನೀರುಗಂಟಿ ಸಿದ್ದಣ್ಣನ ದನಿ ನನಗೆ ಕರತಲಾಮಲಕ. ಗಂಟಲಲ್ಲಿ ಜಲ್ಲಿಕಲ್ಲು ಉರುಳಿದಂತಿರುತ್ತದೆ. ಊರಲ್ಲಿ ಯಾರಿಗೂ ಗೊತ್ತಿಲ್ಲದ ಅಕ್ಕನ ನಂಬರಿನಿಂದ ಪಂಕ್ಚರ್ ಅಂಗಡಿ ರಫೀಕಣ್ಣನಿಗೆ ಫೋನು ಮಾಡಿದೆ. ಅವನಿಗೆ ಹೇಳಿದರೆ ಮೈಕಿನಲ್ಲಿ ಹೇಳಿದಂತೆ.

“ರಫೀಕಾ, ನಾನ್ ಕಣಪ್ಪ, ನೀರುಗಂಟಿ. ಇದು ಒಸಾ ನಂಬರು. ಮೇಲ್ಗಡೆ ನೀರ್ ಬುಟ್ಟವ್ರೆ, ಇನ್ನೇನ್ ಬಂದ್ಬುಡ್ತದೆ. ಯಾರೂ ನಾಲೆಗ್ ಇಳೀಬ್ಯಾಡಿ ಅಂತ ಯೋಳ್ಬುಡು!”

ಫಲಿಸಿತು! ಹೋಗಿ ನೋಡಿದರೆ ನಾಲೆಯಲ್ಲಿ ಒಂದು ನರಪಿಳ್ಳೆಯೂ ಇರಲಿಲ್ಲ. ಯಾರಾದರೂ ತಿರುಗಿ ಫೋನು ಮಾಡಿದರೆ ಅಕ್ಕನಿಗೆ ಗೊತ್ತಾಗಬಾರದೆಂದು ಅವಳ ಫೋನನ್ನೂ ಜೊತೆಗೇ ಒಯ್ದಿದ್ದೆ. ಎಂಥ ಮುಂದಾಲೋಚನೆ! ಪಂಚೆಯಲ್ಲಿ ಸುತ್ತಿ ನಾಲೆ ಏರಿಯ ಮೇಲಿಟ್ಟು, ಚಡ್ಡಿಯಲ್ಲಿ ಗುಂಡಿಗಿಳಿದೆ. ಜಿಲೇಬಿ ಮೀನುಗಳು ಕಾಲಿಗೆ ಕಚಗುಳಿ ಇಡುತ್ತಿದ್ದವು. ಇನ್ನೇನು ಒಂದನ್ನು ಹಿಡಿಯಬೇಕು, ಏರಿ ಮೇಲೆ ಗುದ್ದಲಿ ಕಂಡಿತು. ಗುದ್ದಲಿಯ ಕೆಳಗೆ ನಮ್ಮಪ್ಪ!

ಅವರ ಹಿಂದೆ ಇಡೀ ಊರು. ನೀರು ಬರುತ್ತದೆಂದರೆ ಗದ್ದೆ ಇರುವವನು ಮನೆಯಲ್ಲಿ ಕೂರುತ್ತಾನೆಯೇ? ಪಕ್ಕದವನಿಗಿಂತ ಮೊದಲು ತನ್ನ ಗದ್ದೆಗೆ ತಿರುಗಿಸಿಕೊಳ್ಳಲು ಓಡಿ ಬರುತ್ತಾನೆ. ರೈತನ ಮಗನಾದ ನನಗೆ ಇದೊಂದು ಹೊಳೆದಿರಲಿಲ್ಲ.

“ಮ್ಯಾಕ್ ಬಾರ್ಲಾ! ನೀರ್ ಬತ್ತದೆ, ಕೊಚ್ಕೊಂಡೋಯ್ತೀಯ!” ಅಪ್ಪ ಅರಚಿದರು.

“ಬರಲ್ಲ ಬುಡಪ್ಪ.” ಬಾಯಿ ಜಾರಿತು.

“ನಿಂಗೆಂಗ್ಲಾ ಗೊತ್ತು?”

ಅಷ್ಟರಲ್ಲಿ ಅಸಲಿ ನೀರುಗಂಟಿಯೇ ಏದುಸಿರು ಬಿಡುತ್ತಾ ಬಂದ. “ಯಾವ್ ನೀರ್ರಪ್ಪಾ? ನಾನ್ ಯಾರ್ಗೂ ಪೋನೇ ಮಾಡಿಲ್ಲ!”

“ಸುಳ್ ಯಾಕ್ ಯೋಳ್ತೀಯಣ್ಣ, ಇಲ್ಲೇ ಅದೆ ನೋಡು ನಿನ್ ಒಸಾ ನಂಬರು,” ಎಂದು ರಫೀಕಣ್ಣ ಒತ್ತಿಯೇಬಿಟ್ಟ.

ನನ್ನ ಪಂಚೆ ಹಾಡತೊಡಗಿತು!

ಸಿದ್ದಣ್ಣ ಗಂಟು ಬಿಚ್ಚಿ ಫೋನು ತೆಗೆದ. “ಏನ್ಲಾ, ಒಂದೂರ್ಗೆ ಇಬ್ರು ನೀರುಗಂಟೀರಾ?”

“ಅಕ್ಕನ್ಗೆ ಬಯಕೆ ಕಣಣ್ಣ, ಅದ್ಕೇ…” ಎಂದೆ. ಅಪ್ಪ ಗುದ್ದಲಿ ಎತ್ತಿದ ರೀತಿ ನೋಡಿ ನೀರಿನಲ್ಲೇ ಕುಕ್ಕರುಗಾಲಲ್ಲಿ ಕೂತೆ. ಆಗ ಯಾರೋ “ಮೀನ್ ನೋಡ್ರಲಾ!” ಎಂದರು. ಮನುಕುಲದ ಇತಿಹಾಸ ಹಿಂದಕ್ಕೆ ಓಡಿತು! ಬೇಸಾಯಗಾರರೆಲ್ಲ ಗುದ್ದಲಿ ಎಸೆದು ಕ್ಷಣದಲ್ಲಿ ಬೇಟೆಗಾರರಾದರು. ಮೀನು ತುಂಬಲು ನಾನು ತಂದಿದ್ದ ಮಂಕರಿಯೂ ಯಾರದೋ ಪಾಲಾಯಿತು. ನಾನು ಕೈ ಹಾಕಿದ ಕಡೆಯೆಲ್ಲ ಯಾರದೋ ಕಾಲು!

ಸಂಜೆವರೆಗೂ ಅಪ್ಪನ ಕಣ್ಣು ತಪ್ಪಿಸಿ, ಬರಿಗೈಯಲ್ಲಿ ಮನೆಗೆ ಬಂದೆ. ಒಳಗೆ ಘಮ್ಮೆನ್ನುವ ಮೀನು ಸಾರು! ಬಸುರಿಯ ಬಯಕೆಯೆಂದು ರಫೀಕಣ್ಣ ಒಂದು ಚೀಲ ಜಿಲೇಬಿ ಮೀನು, ಸಿದ್ದಣ್ಣ ತೋಳಿನಷ್ಟು ಉದ್ದದ ಕೊರಮೀನು ಕೊಟ್ಟುಹೋಗಿದ್ದರು. ಫೋನನ್ನೂ ಕೊಟ್ಟು, ನನ್ನ ಪ್ರತಾಪವನ್ನೂ ಬಿಡಿಸಿ ಹೇಳಿದ್ದರು.

ಅಂತೂ ಅಕ್ಕನ ಬಯಕೆ ತೀರಿತಲ್ಲ, ಅದಕ್ಕೆ ಮೂಲಪುರುಷ ನಾನೇ ತಾನೆ? ತಟ್ಟೆ ಹಿಡಿದು ಅವಳ ಎದುರು ಕೂತೆ.

“ಅಕ್ಕ, ನಂಗೂ ಒಂದ್ ತುಂಡ್ ಆಕು.”

ಅಕ್ಕ ಮುಳ್ಳು ಬಿಡಿಸುತ್ತಾ, ತಲೆಯನ್ನೂ ಎತ್ತದೆ ಹೇಳಿದಳು:

“ಎಲ್ಲಾರಂಗೂ ಆಡಿ ತೋರುಸ್ತೀಯಲ್ಲಾ, ಉಂಡೋರಂಗೆ ತೇಗ್ಬುಟ್ಟು ಮನೀಕೋ ಓಗು!”